ಬಿಜಲಿಗೆ ಬೆಳಿಗ್ಗೆ ಬಂದ ಜ್ವರ

ಪಶುವೈದ್ಯನಾಗಿ ನೌಕರಿಗೆ ಸೇರಿದ ಎರಡನೇ ವರ್ಷ ಜಮಖಂಡಿ ತಾಲ್ಲೂಕಿನ ಹಿಪ್ಪರಗಿ ಕಡೆಯ ಹಳ್ಳಿಗಳು ನನ್ನ ಪಾಲಿಗಿದ್ದವು. ಔಷಧಕ್ಕಿಂತ ಅಣಕಕ್ಕೇ ನನ್ನ ಹೆಸರು ಬೇಗ ಹಬ್ಬಿತ್ತು. ಈಯಲು ತಿಣುಕುವ ಎಮ್ಮೆ, ಅದಕ್ಕಿಂತ ಜೋರಾಗಿ ತಿಣುಕುವ ಮಾಲೀಕ, ತನ್ನ ನಾಯಿಗಿಂತ ಹೆಚ್ಚು ಬೊಗಳುವ ಮುಧೋಳದ ಯಜಮಾನ, ಕೈಯಲ್ಲೇ ಥರ್ಮಾಮೀಟರ್ ಹಿಡಿದು ಜೇಬು ತಡಕುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ರೈತ ಮಲ್ಲಪ್ಪ ಕಾಕಾ ಫೋನ್ ಮಾಡಿದರು. ಅವರ ಹೊಲದಲ್ಲಿ ಇಳಿದುಕೊಂಡಿದ್ದ ದಸ್ತಗೀರ ಚಾಚಾನ ಹೆಣ್ಣೊಂಟೆ ಬಿಜಲಿ ಮೇವು ಬಿಟ್ಟಿತ್ತು. ಚಾಚಾ ಬನಹಟ್ಟಿ, ಮುಧೋಳ, ಬೀಳಗಿಯ ಓಣಿಗಳಲ್ಲಿ ಮಕ್ಕಳನ್ನು ಒಂಟೆಯ ಮೇಲೆ ಕೂರಿಸಿ ಸುತ್ತಾಡಿಸಿ ಬದುಕುವವರು. ಮಳೆಗಾಲದಲ್ಲಿ ಆ ಕೆಲಸವಿಲ್ಲ. ನಮ್ಮ ಕಡೆ ಬೀಗರು ಬರಲಿ, ಒಂಟೆ ಬರಲಿ, ಉಪಚಾರ ಒಂದೇ. ಕಾಲುವೆ ದಂಡೆಯ ತಂಪು ನೆರಳಲ್ಲಿ, ಎಮ್ಮೆಗಳ ಪಕ್ಕದಲ್ಲೇ, ಹಸಿ ಕಬ್ಬಿನ ಸೋಗೆ ಹಾಕಿ ಕಾಕಾ ಅದನ್ನು ಕಟ್ಟಿಸಿದ್ದರು.

ಬೆಳಿಗ್ಗೆ ಹೋದೆ. ಬಿಜಲಿ ಕುತ್ತಿಗೆಯನ್ನು ನೆಲಕ್ಕೆ ಚಾಚಿ ಮಲಗಿತ್ತು. ಡುಬ್ಬ ಒಂದು ಬದಿಗೆ ವಾಲಿತ್ತು. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಅದು ಕರಗಿದರೆ ಹೀಗೆ ಜೋಲುತ್ತದೆ.

“ಮೈ ಸುಡಾಕತ್ತೈತಲ್ಲ ಚಾಚಾ.”

“ಒಂಟಿ ಮೈ ಸುಡೂದ ಸಾಹೇಬ್ರ, ಅದರ ಗುಣಾನ ಅದು. ದಿನಾ ಮಧ್ಯಾಹ್ನ ಮೈ ತಿಕ್ಕಾಗ ನೋಡತೇನಲ್ಲ.”

ಚಾಚಾ ಹೇಳಿದ್ದು ಅರ್ಧ ಖರೆ. ಮರುಭೂಮಿಯಲ್ಲಿ ಒಂಟೆ ಬೆವರಿ ನೀರು ಕಳೆಯುವುದಿಲ್ಲ. ಹಗಲೆಲ್ಲ ಮೈ ಕಾಯಲು ಬಿಟ್ಟು, ರಾತ್ರಿಯ ತಂಪಿಗೆ ಆ ಕಾವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಮಧ್ಯಾಹ್ನ ಬೆಚ್ಚಗಿದ್ದರೆ ರೋಗವೆನ್ನಲಾಗದು. ಆದರೆ ಬೆಳಿಗ್ಗೆ ಅದು ತಣ್ಣಗಿರಬೇಕು. ಥರ್ಮಾಮೀಟರ್ 105 ತೋರಿಸುತ್ತಿತ್ತು. ಬಿಜಲಿಯನ್ನು ಉಳಿಸಬೇಕಾಗಿದ್ದ ಗುಣವೇ ಅದರ ಜ್ವರವನ್ನು ಮುಚ್ಚಿಟ್ಟಿತ್ತು.

ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂಟೆಯ ಕೆಂಪು ರಕ್ತಕಣ ನಮ್ಮದರಂತೆ ದುಂಡಗಿಲ್ಲ, ಮೊಟ್ಟೆಯಾಕಾರ. ಬಾಯಾರಿ ಬಂದು ಒಮ್ಮೆಗೇ ಬಾನಿಗಟ್ಟಲೆ ನೀರು ಕುಡಿದರೂ ಅವು ಒಡೆಯುವುದಿಲ್ಲ. ಆ ಕಣಗಳ ನಡುವೆ ಸಣ್ಣ ಜೀವಿಗಳು ಹಾವಿನ ಮರಿಗಳಂತೆ ಹೊರಳುತ್ತಿದ್ದವು. ಸರ್ರಾ ರೋಗ. ನೀರಿನ ದಂಡೆಯ ತೇವದಲ್ಲಿ ಹುಟ್ಟುವ, ರಕ್ತ ಹೀರುವ ದೊಡ್ಡ ನೊಣಗಳು ಅದನ್ನು ಹರಡುತ್ತವೆ. ಎಮ್ಮೆಯ ಮೈಯಲ್ಲಿ ಅದು ಎಷ್ಟೋ ಸಲ ಸುಮ್ಮನಿರುತ್ತದೆ, ಅಲ್ಲಿಂದ ನೊಣದ ಬಾಯಲ್ಲಿ ಒಂಟೆಗೆ ದಾಟಿದರೆ ಕೊಲ್ಲುತ್ತದೆ. ನೀರಿಲ್ಲದ ನೆಲವನ್ನು ಗೆದ್ದ ಪ್ರಾಣಿಗೆ ನಮ್ಮ ನೀರಾವರಿ ಮುಳುವಾಗಿತ್ತು.

ಇಂಜೆಕ್ಷನ್ ಕೊಟ್ಟೆ. ಕಾಕಾ ಮೆಲ್ಲಗೆ ಕೇಳಿದರು. “ಎಮ್ಮಿ ಬಾಜೂಕ ಕಟ್ಟಿದವ ನಾನ ಅಲ್ಲೇನ್ರೀ ಡಾಕ್ಟರ್ರ?”

ನಾನು ಸಿರಿಂಜನ್ನು ಚೀಲಕ್ಕೆ ಸೇರಿಸತೊಡಗಿದೆ. ಚಾಚಾನೇ ಹೇಳಿದರು. “ನೀ ಛಲೋನ ಮಾಡಿದಿ ಮಲ್ಲಪ್ಪ. ನಾನೂ ಬಿಸಲಾಗ ಕಟ್ಟತಿದ್ದಿಲ್ಲ.”

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬಿಜಲಿಯನ್ನು ಊರಾಚೆಯ, ನೊಣಗಳ ಕಾಟವಿಲ್ಲದ ಒಣ ಕಲ್ಲುನೆಲಕ್ಕೆ ಸಾಗಿಸಿದೆವು. ಅಲ್ಲಿ ಕುತ್ತಿಗೆ ಎತ್ತಿ, ಒಂದು ಜಾಲಿ ಕೊಂಬೆಯನ್ನು ಮುಳ್ಳು ಸಮೇತ ಅಗಿಯಿತು. ಖುಷಿಯಿಂದ ನಾನು ಒಂಟೆಯಂತೆ ಗುರುಗುಟ್ಟಿದೆ.

“ಸಾಹೇಬ್ರ, ಇದು ಹೊಟ್ಟಿ ಕೆಟ್ಟ ಎಮ್ಮಿ ಧ್ವನಿ,” ಎಂದು ಚಾಚಾ ನಕ್ಕರು. ಆ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಔಷಧ ತಡವಾಗಿತ್ತು. ಎರಡು ದಿನದ ನಂತರ ಬಿಜಲಿ ಸತ್ತಿತು. ಕಾಕಾ ತಮ್ಮದೇ ಹೊಲದಲ್ಲಿ ಗುಂಡಿ ತೋಡಿಸಿದರು. ಮಣ್ಣು ಮುಚ್ಚಿದ ಮೇಲೆ ಚಾಚಾನ ಕೈ ಹಿಡಿದು, “ನಮ್ಮ ಎಮ್ಮಿ ಒಂದ ಹೊಡಕೊಂಡ ಹೋಗ್ರಿ,” ಎಂದರು.

“ಎಮ್ಮಿ ಮ್ಯಾಲ ಹುಡುಗೂರು ಕುಂದರತಾವೇನೋ ಮಲ್ಲಪ್ಪ?”

ಅಷ್ಟು ಹೇಳಿ ಚಾಚಾ ಒಂಟೆಯ ಜೀನನ್ನು ತಮ್ಮ ಹೆಗಲಿಗೇ ಏರಿಸಿಕೊಂಡು ಬನಹಟ್ಟಿ ಬಸ್ಸಿಗೆ ನಡೆದರು.

ಈಗ ಹೊರಗಿನ ಪ್ರಾಣಿ ಯಾವುದೇ ಬಂದರೂ ಅದು ಎಂಥ ನೆಲದ್ದು ಎಂದು ಮೊದಲು ಕೇಳುತ್ತೇನೆ. ಬೇಕಾದರೆ ತಂಪು ನೆರಳಿನಿಂದ ಬಿಚ್ಚಿಸಿ ಒಣ ಜಾಗಕ್ಕೆ ಕಟ್ಟಿಸುತ್ತೇನೆ. ಮನೆಯವರು ಮುಖ ಸಿಂಡರಿಸುತ್ತಾರೆ, ಕರುಣೆ ಇಲ್ಲದ ಡಾಕ್ಟರ್ ಅನ್ನುತ್ತಾರೆ. ಅನ್ನಿಸಿಕೊಳ್ಳುವುದೂ ನನ್ನ ಕೆಲಸವೇ.