ನೀರು ಬಸಿಯಲು ಬಾರದವನ ಉಪದೇಶ

ಹೋದ ವಾರ ಇದೇ ಕಾಲಂನಲ್ಲಿ ಏನು ಬರೆದಿದ್ದೆ, ನೆನಪಿದೆಯಾ? ಮನುಷ್ಯನಾದವನು ಸಾಯುವ ತನಕ ಕಲಿಯಬೇಕು, ಯಾರ ಹತ್ತಿರ ಕಲಿಯುವುದಕ್ಕೂ ನಾಚಬಾರದು ಅಂತ. ಬಹಳ ಜನ ಮೆಚ್ಚಿಕೊಂಡಿರಿ. ಮದ್ದೂರು ಸ್ಟೇಷನ್ನಿನಲ್ಲಿ ಒಬ್ಬರು ಕೈಹಿಡಿದು ನಿಲ್ಲಿಸಿ, ಈ ಯುದ್ಧಕಾಲದ ತುಟ್ಟಿಯಲ್ಲೂ ಕಾಫಿ ಕೊಡಿಸಿದರು.

ನಾನು ಆ ಕಾಫಿ ಕುಡಿಯುತ್ತಿದ್ದ ಹೊತ್ತಿಗೆ ನಮ್ಮೂರು ಹನಕೆರೆಯಲ್ಲಿ ನನ್ನ ಒಟ್ಲು ಕೊಳೆಯುತ್ತಿತ್ತು.

ಒಟ್ಲು ಅಂದರೆ ಭತ್ತದ ಸಸಿ ಬೆಳೆಸುವ ಮಡಿ. (ಪೇಟೆಯ ಓದುಗರಿಗೆ ಹೇಳಿದ್ದು. ಹಳ್ಳಿಯವರು ನಗಬೇಡಿ, ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.)

ಕನ್ನಂಬಾಡಿ ಕಟ್ಟೆಯ ನೀರು ಕಾಲುವೆ ಹಿಡಿದು ನಮ್ಮ ಹೊಲದ ತನಕ ಬಂದದ್ದು ಈ ವರ್ಷ. ಅಪ್ಪ, ತಾತ ಎಲ್ಲರೂ ರಾಗಿ ಬಿತ್ತಿ ಮೋಡ ನೋಡುತ್ತಾ ಕೂತವರು. ಗದ್ದೆ ಮಾಡುವ ಭಾಗ್ಯ ನಮ್ಮ ವಂಶದಲ್ಲಿ ನನಗೇ ಮೊದಲು. ಬೀಜ ಎಲ್ಲಿಂದ ಬರಬೇಕು? ಸೊಸೆ ತಾಯಮ್ಮನ ತವರಿಂದ. ಅವಳದು ಮಳವಳ್ಳಿ ಕಡೆ, ಕೆರೆ ಕೆಳಗಿನ ಊರು. ಬೀಗರು ಒಂದು ಪಲ್ಲ, ಅಂದರೆ ನೂರು ಸೇರು, ಬೀಜದ ಭತ್ತವನ್ನು ಗಾಡಿಯಲ್ಲಿ ಕಳಿಸಿಕೊಟ್ಟರು. ಅಕ್ಕಿ ಕಣ್ಣಿಗೆ ಬೀಳದ ಈ ಕಾಲದಲ್ಲಿ! ಅದು ಹಾಳಾದರೆ ಇನ್ನೊಂದು ಸಲ ಕೇಳಲು ಮುಖವಿಲ್ಲ. ಕೇಳಿ ತರಿಸುವ ಹೊತ್ತಿಗೆ ಹಂಗಾಮೂ ಮುಗಿದಿರುತ್ತದೆ.

ನೆನೆಹಾಕಿದೆ. ಮೊಳಕೆ ಕಟ್ಟಿದೆ. ಕೆಸರು ಮಡಿಯಲ್ಲಿ ಚೆಲ್ಲಿದೆ. ಮೇಲೆ ಗೇಣುದ್ದ ನೀರು ನಿಲ್ಲಿಸಿ, ಬದುವಿನ ಮೇಲೆ ಕೂತು ನೋಡಿದೆ. ಆಹಾ! ನಮ್ಮ ಹೊಲದಲ್ಲಿ ಆಕಾಶ ಕಾಣುತ್ತಿತ್ತು.

ಆ ದಾರಿಯಲ್ಲಿ ಬಂದ ಪಕ್ಕದ ಹೊಲದ ಜವರ ಕೇಳಿದ. "ಇದೇನ್ಲಾ, ಒಟ್ಲು ಬುಟ್ಟಿದ್ದೀಯೋ, ಕೆರೆ ಕಟ್ಟಿಸಿದ್ದೀಯೋ?"

"ಒಟ್ಟೆಕಿಚ್ಚು ಕಣ್ಲಾ ನಿಂಗೆ" ಅಂದೆ.

ಮಾರನೆಯ ದಿನ ಊಟಕ್ಕೆ ಕೂತಾಗ ಬಾಗಿಲ ಹಿಂದಿನಿಂದ ಪಿಸುಮಾತು ಕೇಳಿಸಿತು. ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ಬರುವುದಿಲ್ಲ, ನೇರ ಮಾತಾಡುವುದಿಲ್ಲ. ಹೇಳುವುದಿದ್ದರೆ ಅತ್ತೆಯ ಬಾಯಲ್ಲಿ. ಹೆಂಡತಿ ಕೆಂಪಮ್ಮ ಮುದ್ದೆ ಇಡುತ್ತಾ ಹೇಳಿದಳು. "ಒಟ್ಲಲ್ಲಿ ನೀರು ನಿಲ್ಲುಸ್ಬಾರ್ದಂತೆ. ಅವರ ಕಡೆ ಬಿತ್ತಿದ ಮಾರ್ನೆ ದಿನ್ವೇ ಬಸ್ದು ಬುಡ್ತಾರಂತೆ."

ನನಗೆ ರೇಗಿತು. "ಬಸೀಬೇಕಂತೋ? ನಮ್ಮಪ್ಪ ಒಂದು ಬಿಂದಿಗೆ ನೀರಿಗೆ ಅರದಾರಿ ನಡೆದೋನು. ನಾನು ಮನೆ ಬಾಗ್ಲಿಗೆ ಬಂದ ಗಂಗಮ್ಮನ್ನ ಅಳ್ಳಕ್ಕೆ ನೂಕ್ಲಾ? ಅದ್ನೆಂಟು ವರ್ಸದ ಉಡುಗಿ ನಂಗೆ ಬೇಸಾಯ ಯೋಳ್ಕೊಡ್ತಾಳಾ?"

ಕೈತೊಳೆದು ನೇರ ಒಳಗೆ ಹೋದೆ. ಏನು ಬರೆದೆ ಗೊತ್ತಾ? ಯಾರ ಹತ್ತಿರ ಕಲಿಯುವುದಕ್ಕೂ ನಾಚಬಾರದು ಅಂತ. ಅದೇ ಲೇಖನ! ಅದೇ ಕೈ!

ಅದು ಅಚ್ಚಾದ ಎರಡು ದಿನಕ್ಕೆ ಮದ್ದೂರಿಗೆ ಹೋಗಿ, ಆ ಕಾಫಿ ಕುಡಿದು, ರೈಲಿಳಿದು ನೇರ ಹೊಲಕ್ಕೆ ಬಂದೆ. ಮೂಗಿಗೆ ನಾತ ಹೊಡೆಯಿತು. ನೀರಿಗೆ ಕೈ ಹಾಕಿದರೆ ಮೊಳಕೆಗಳು ಲೋಳೆ ಲೋಳೆಯಾಗಿ ಬೆರಳಿಗೆ ಅಂಟಿಕೊಂಡವು.

ಮನೆಗೆ ಓಡಿದೆ. "ಕೆಂಪೀ, ಈಗೇನು ಮಾಡ್ಬೇಕು, ಕೇಳು ಅವಳ್ನ."

"ನಾನ್ಯಾಕೆ ಕೇಳ್ಲಿ? ಮೊದ್ಲು ನಾನು ಯೋಳ್ದಾಗ ಕೇಳುದ್ರಾ? ಬೇಕಾದ್ರೆ ನೀವೇ ಕೇಳಿ" ಅಂದು ಕೆಂಪಮ್ಮ ಹಟ್ಟಿ ಗುಡಿಸತೊಡಗಿದಳು.

ಊರಿಗೆಲ್ಲ ಲೆಕ್ಚರ್ ಕೊಡುವ ನಾನು ಸೊಸೆ ಮರೆಯಾಗಿದ್ದ ಬಾಗಿಲ ಎದುರು ಹೋಗಿ ನಿಂತೆ. ಒಂದು ಸಲ ಕೆಮ್ಮಿದೆ. ಕೊನೆಗೆ, "ತಾಯಮ್ಮ, ಒಟ್ಲು ಕೆಟ್ಟೋಯ್ತದೆ ಕಣವ್ವಾ. ಏನು ಮಾಡ್ಬೇಕೋ ನೀನೇ ಯೋಳು" ಅಂದೆ.

ತಾಯಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಮೂಲೆಯಲ್ಲಿದ್ದ ಗುದ್ದಲಿ ತಂದು ನನ್ನ ಮುಂದಿಟ್ಟು, ತಲೆ ಎತ್ತದೆ ಗದ್ದೆಯ ಕಡೆ ಹೊರಟಳು. ಹಿಂದೆ ನಾನು. ನನ್ನ ಹಿಂದೆ ನಗು ತಡೆದುಕೊಂಡ ಕೆಂಪಮ್ಮ.

"ಇಲ್ಲಿ ಬದ ವಡೀರಿ ಮಾವ."

ಗುದ್ದಲಿ ಎತ್ತಿದೆ. ಕೈ ಬರಲಿಲ್ಲ. ನಿಜವಾಗಿ ಬರಲಿಲ್ಲ, ಸ್ವಾಮಿ. ಎಂಜಲು ಕೈಗೆ ಹಾಕಿದ ನೀರು ಕೂಡ ಗಿಡದ ಬುಡಕ್ಕೇ ಹೋಗಬೇಕು ಅಂತ ಹೊಡೆದು ಕಲಿಸಿದ ಅಪ್ಪ ಎದುರಿಗೆ ಬಂದು ನಿಂತ ಹಾಗಾಯಿತು.

"ವಡೀರಿ. ಬೇರು ಕೆಸರು ಕಚ್ಕಬೇಕು, ವಸಿ ಬಿಸ್ಲು ಕಾಣ್ಲಿ. ಸಂಜೆ ಬೇಕಾದ್ರೆ ತಿರ್ಗ ಕಟ್ಟವ. ನೀರೇನು ಓಡೋಯ್ತದಾ?"

ಒಡೆದೆ. ನೀರು ಗುಳುಗುಳು ಅಂತ ಹಳ್ಳಕ್ಕೆ ಹೋಯಿತು. ಬದುವಿನ ಮೇಲೆ ಕೂತುಬಿಟ್ಟೆ.

ಅರ್ಧ ಉಳಿಯಿತು. ಅರ್ಧ ಹೋಯಿತು. ಈ ಸಲ ಗದ್ದೆ ಅಂದುಕೊಂಡಿದ್ದ ಅರ್ಧ ಹೊಲಕ್ಕೆ ಮತ್ತೆ ರಾಗಿಯೇ. ಬೀಗರಿಗೆ ಕಾಗದ ಬರೆದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದ್ದೇನೆ.

ಅಪ್ಪ ಕಲಿಸಿದ್ದು ತಪ್ಪಾ? ಖಂಡಿತ ಅಲ್ಲ. ಅವನ ಹೊಲಕ್ಕೆ ಅದೇ ಸರಿ. ನನ್ನ ಹೊಲ ಬದಲಾಗಿತ್ತು, ನಾನು ಬದಲಾಗಿರಲಿಲ್ಲ, ಅಷ್ಟೆ. ಹೊಸದನ್ನು ಕಲಿಯುವುದೇನು ಮಹಾ? ಪುಸ್ತಕ ಇದೆ, ಪಾಂಪ್ಲೆಟ್ ಇದೆ. ಪ್ರೀತಿಯಿಂದ ಕಲಿತಿದ್ದನ್ನು ಟೈಮ್ ಬಂದಾಗ ಬದಿಗಿಡುವುದಿದೆಯಲ್ಲ, ಅದಕ್ಕೆ ಗುದ್ದಲಿ ಎತ್ತಬೇಕಾಗುತ್ತದೆ. ಎಲ್ಲಿ ಒಡೆಯಬೇಕು ಅಂತ ತೋರಿಸುವವರು ನಮಗಿಂತ ಚಿಕ್ಕವರಾಗಿದ್ದರಂತೂ ಆ ಗುದ್ದಲಿ ಇನ್ನೂ ಭಾರ.

ಇದನ್ನೆಲ್ಲ ಬರೆದು ನಿನ್ನೆ ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ. ಇನ್ನೂ ಉದ್ದವಿತ್ತು, ಮನುಷ್ಯಜನ್ಮ, ವಿವೇಕ, ವಿನಯ ಅಂತ ಕೊನೆಯಲ್ಲಿ ಎರಡು ದೊಡ್ಡ ಪ್ಯಾರಾ. "ತಪ್ಪಿದ್ರೆ ಯೋಳವ್ವ" ಅಂದೆ, ಬಾಗಿಲ ಕಡೆ ತಿರುಗಿ.

ಅತ್ತೆಯ ಬಾಯಿಗೆ ಕಾಯದೆ ತಾಯಮ್ಮ ತಾನೇ ಹೇಳಿದಳು. "ಕೊನೇಲಿ ನೀರು ಜಾಸ್ತಿ ನಿಂತದೆ ಮಾವ."

ಬಸಿದಿದ್ದೇನೆ.