ಕಣ್ಣು ಬೆಳ್ಳಗಾದ ಮೇಲೆ

ಮೊದಲು ಬಂದದ್ದು ಕೆರೆತ. ಅಂಗೈ, ಅಂಗಾಲು, ಬೆನ್ನು. ಕೊಟ್ಟಿಗೆಯ ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದೆ, ಹಸುಗಳಿಗೇ ನಾಚಿಕೆಯಾಗಿರಬೇಕು. ಆಮೇಲೆ ಕಣ್ಣು ಹಳದಿಯಾಯಿತು.

ನಮ್ಮ ಅರಕೆರೆಗೇ ಮದುವೆ ಮಾಡಿಕೊಟ್ಟಿರುವ ನನ್ನ ನಾದಿನಿ ರತ್ನ, ನನ್ನ ಮೂತ್ರದಲ್ಲಿ ಅನ್ನದ ಅಗುಳು ನೆನೆಹಾಕಿ ನೋಡಿದಳು. ಅಗುಳು ಹಳದಿಯಾಯಿತು. ಕಾಮಾಲೆ ಎಂದು ತೀರ್ಪಾಯಿತು. ನಾಗಮಂಗಲದ ಆಚೆ ಬೇರು ಅರೆದು ಕೊಡುವವರಿದ್ದಾರೆಂದು ಬಸ್ಸು ಹತ್ತಿಸಿದಳು. ಉಪ್ಪು, ಎಣ್ಣೆ, ಒಗ್ಗರಣೆ ಬಿಡಬೇಕು. ಪಥ್ಯ ಮುಗಿಯುವ ತನಕ ಇಂಗ್ಲಿಷ್ ಔಷಧಿ, ಸೂಜಿ ಸೋಕಬಾರದು. ಸೋಕಿದರೆ ಬೇರು ಕೆಲಸ ಮಾಡುವುದಿಲ್ಲವಂತೆ. ರಕ್ತ ಪರೀಕ್ಷೆ ಮಾಡಿಸೋಣ ಎಂದು ನಾನು ಹೇಳಿದಾಗಲೆಲ್ಲ ನನ್ನ ಗಂಡ ತಂಗಿಯ ಮುಖ ನೋಡಿದರು. ತಂಗಿ ಕ್ಯಾಲೆಂಡರ್ ನೋಡಿದಳು. ಸಪ್ಪೆ ಅನ್ನ ತಿಂದು ತಿಂದು ಮೈ ಇಳಿದುಹೋಯಿತು. ಕೆರೆತ ಮಾತ್ರ ಪಥ್ಯಕ್ಕೆ ಬಗ್ಗಲಿಲ್ಲ.

ಪಥ್ಯ ಮುಗಿದ ಮೇಲೆ ಮೈಸೂರಿನ ಆಸ್ಪತ್ರೆ. ರಕ್ತ, ಸ್ಕ್ಯಾನಿಂಗ್, ಮತ್ತೊಂದು ಸ್ಕ್ಯಾನಿಂಗ್, ಬಯಾಪ್ಸಿ.

ಪಿತ್ತನಾಳದ ಕ್ಯಾನ್ಸರ್.

ಡಾಕ್ಟರು ಬಿಡಿಸಿ ಹೇಳಿದರು. ಆಲ್ಕಲೈನ್ ಫಾಸ್ಫಟೇಸ್, ಜಿಜಿಟಿ ಎಂಬ ಎಂಜೈಮುಗಳು ವಿಪರೀತ ಏರಿದ್ದವು. ಪಿತ್ತನಾಳ ಕಟ್ಟಿಕೊಂಡಾಗ ಹೀಗಾಗುತ್ತದೆ, ಎಲ್ಲಿ ಹುಡುಕಬೇಕೆಂದು ರಕ್ತವೇ ಸುಳಿವು ಕೊಡುತ್ತದೆ ಎಂದರು. ನನ್ನ ರಕ್ತ ಹೇಳುತ್ತಲೇ ಇತ್ತು. ಕೇಳಬೇಕಾದವರು ಅನ್ನದ ಅಗುಳು ನೋಡುತ್ತಿದ್ದರು. ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದಂತೆ. ನಾಲೆಗೆ ಕಳ್ಳತೂಬು ಇಟ್ಟು ಗದ್ದೆ ಬೆಳೆಯುವವರ ಹಾಗೆ, ನನ್ನ ನೆತ್ತರಲ್ಲೇ ಅದು ಬೆಳೆದಿದೆ. ಈಗ ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳವನ್ನೂ ಸುತ್ತಿಕೊಂಡಿದೆ, ಆಪರೇಷನ್ ಮಾಡಲಾಗುವುದಿಲ್ಲ ಎಂದರು.

"ಮೊದ್ಲೇ ಬಂದಿದ್ರೆ ಆಯ್ತಿತ್ತಾ ಸಾರ್?"

"ಹೇಳೋಕಾಗಲ್ಲಮ್ಮ."

ಆಗುತ್ತಿತ್ತು ಎಂದಿದ್ದರೆ ಯಾರನ್ನಾದರೂ ಬಾಯ್ತುಂಬ ಬೈಯಬಹುದಿತ್ತು. ಇಲ್ಲ ಎಂದಿದ್ದರೆ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ನನಗೆ ಎರಡೂ ದಕ್ಕಲಿಲ್ಲ.

ಕಟ್ಟಿಕೊಂಡ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು. ಪಿತ್ತ ಹರಿಯಿತು, ಕೆರೆತ ನಿಂತಿತು, ನಿಧಾನವಾಗಿ ಕಣ್ಣು ಬೆಳ್ಳಗಾಯಿತು. ಕೀಮೋ ಶುರುವಾಯಿತು. ಊರಿನವರಿಗೆ ಮಾತ್ರ ಮನೆಯವರು ಕ್ಯಾನ್ಸರ್ ಎಂದು ಹೇಳಲಿಲ್ಲ. ಅತ್ತಿಗೆಗೆ ಬಂದಿದ್ದು ಕಾಮಾಲೆ, ಬೇರಿನ ಔಷಧಿಯಲ್ಲೇ ವಾಸಿಯಾಯಿತು ಎಂದು ರತ್ನ ಬೀದಿಬೀದಿಗೂ ಸಾರಿಕೊಂಡು ಬಂದಳು.

ಹೋದ ವಾರ ಪಕ್ಕದ ಬೀದಿಯ ಸವಿತಳನ್ನು ಕರೆತಂದು ನನ್ನೆದುರು ನಿಲ್ಲಿಸಿದಳು. ಸವಿತಳ ಕಣ್ಣು ಹಳದಿಯಾಗಿತ್ತು.

"ನಮ್ಮತ್ಗೆ ಕಣ್ಣು ನೋಡು, ಎಂಗ್ ಬೆಳ್ಳಗಾಗವೆ. ನೀನೂ ನಾಗಮಂಗಲದ ಬಸ್ಸು ಅತ್ಬುಡು," ಎಂದಳು ರತ್ನ.

ನನಗೆ ಮೈಯೆಲ್ಲ ಉರಿದುಹೋಯಿತು. ರಕ್ತ ಪರೀಕ್ಷೆ ಬೇಡ ಎಂದವಳು ಈಗ ನನ್ನನ್ನೇ ಸಾಕ್ಷಿ ಮಾಡಿಕೊಂಡಿದ್ದಳು.

"ನಂಗೆ ವಾಸಿಯಾಗಿಲ್ಲ ಕಣವ್ವ," ಎಂದು ಸವಿತಳಿಗೆ ಹೇಳಿದೆ. "ನಂದು ಕ್ಯಾನ್ಸರ್ರು. ನೀನು ನಾಳೆನೇ ಓಗಿ ರಕ್ತ ಕೊಟ್ಬುಡು."

ಆ ಪದ ನನ್ನ ಬಾಯಿಂದ ಹೊರಗಿನವರೆದುರು ಬಂದದ್ದು ಅದೇ ಮೊದಲು. ರತ್ನ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬಿಡಲಿ, ಅವಳಿಗೂ ಒಂದು ಪಥ್ಯವಿರಲಿ.

ಸವಿತ ಮೊನ್ನೆ ಬಂದಿದ್ದಳು. ರಕ್ತ, ಸ್ಕ್ಯಾನಿಂಗ್ ಎರಡೂ ಆಯಿತಂತೆ. ಅವಳದು ಬರೀ ಕಾಮಾಲೆ, ರೆಸ್ಟು ಮಾಡಿದರೆ ಹೋಗುತ್ತದಂತೆ. ನನ್ನ ಕೈ ಹಿಡಿದುಕೊಂಡು ಅತ್ತಳು. ಒಳ್ಳೆಯದಾಯಿತು ಎಂದೆ, ಮನಸಾರೆಯೇ ಎಂದೆ. ಅವಳು ಹೋದ ಮೇಲೆ ಕದ ಹಾಕಿಕೊಂಡು ನಾನೂ ಅತ್ತುಬಿಟ್ಟೆ. ಹೊಟ್ಟೆಕಿಚ್ಚಿಗೆ.