ಎರಡು ಗಡಿಗೆಯ ಹುಣಸೆಬೀಜ

ಫಕ್ಕೀರವ್ವನ ನೆನಪು ಕೆಟ್ಟಿರಲಿಲ್ಲ, ಸರೋಜಾ. ಸುಳ್ಳು ಹೇಳಿದವನು ನಾನು.

ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಪೀಠಿಕೆ, ಉದ್ದೇಶ, ವ್ಯಾಪ್ತಿ, ಮಿತಿ ಎಂದು ಅಧ್ಯಾಯ ಕಟ್ಟುತ್ತ ಹೋಗಿ, ಹೇಳಬೇಕಾದ್ದನ್ನೇ ನುಂಗಿಬಿಡುವ ಚಾಳಿ ನನಗಿದೆ. ಎಂ.ಎ. ತರಗತಿಯಲ್ಲಿ ಎರಡು ವರ್ಷ ನನ್ನಿಂದ ಸಂಶೋಧನಾ ವಿಧಾನದ ಪಾಠ ಕೇಳಿದವಳು ನೀನು, ನಿನಗೆ ಇದು ಹೊಸದಲ್ಲ. ಈಗ ಹಿರೇಕೆರೂರಿನಲ್ಲಿ ನೀನೂ ಅದೇ ಪಾಠ ಹೇಳುತ್ತಿದ್ದೀಯಂತೆ — ಅದಕ್ಕೇ ಇದನ್ನು ಬರೆಯಲೇಬೇಕಾಗಿದೆ.

ನನ್ನ ಪಿಎಚ್.ಡಿ. ಪ್ರಬಂಧಕ್ಕೆ ನಾನು ಆರಿಸಿಕೊಂಡ ಹಳ್ಳಿ ನಿನಗೆ ಗೊತ್ತು. ದುಂಡಸಿಯಲ್ಲಿ ಬಸ್ಸಿಳಿದು ಹೊಲದ ಹಾದಿ ಹಿಡಿದು ನಡೆಯಬೇಕು. ಆ ಊರಲ್ಲಿ ಹುಟ್ಟಿದ ಕೂಸುಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಎಂಬುದು ನನ್ನ ವಿಷಯ. ಕೈಯಲ್ಲಿ ಅಚ್ಚುಹಾಕಿಸಿದ ಪ್ರಶ್ನಾವಳಿ, ಜೇಬಿನಲ್ಲಿ ಎರಡು ಪೆನ್ನು. ಆದರೆ ಅದು ತುರ್ತುಪರಿಸ್ಥಿತಿಯ ಕಾಲ. ಕುಟುಂಬ ಯೋಜನೆಯವರು ಹಿಡಿದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಎಲ್ಲೆಲ್ಲೂ ಹಬ್ಬಿತ್ತು. ಕಾಗದ ಹಿಡಿದು 'ಮಕ್ಕಳೆಷ್ಟು?' ಎಂದು ಕೇಳುವ ನನ್ನನ್ನು ಊರವರು ಆಪರೇಶನ್ ಸಾಹೇಬನೆಂದೇ ತಿಳಿದರು. ಒಬ್ಬ ಯಜಮಾನರು ಕಟ್ಟೆಯ ಮೇಲೆ ಕೂತು, “ನಮಗ ಒಂದ ಕೂಸು ನೋಡ್ರಿ” ಎಂದರು. ಅವರ ಹಿಂದೆ ಬಾಗಿಲಸಂದಿಯಲ್ಲಿ ನಾಲ್ಕು ತಲೆ ಇಣುಕುತ್ತಿದ್ದವು. ನಾನು 'ಒಂದು' ಎಂದು ಬರೆದುಕೊಂಡೆ. ಉತ್ತರಿಸಿದವನು ಹೇಳಿದ್ದನ್ನೇ ಬರೆಯಬೇಕು ಎಂದು ಪುಸ್ತಕದಲ್ಲಿತ್ತು.

ಒಂದು ವಾರ ಹೀಗೇ ಕಳೆದು, ಹಿಟ್ಟಿನ ಗಿರಣಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಫಕ್ಕೀರವ್ವ ಬಂದಳು. ಊರ ಹೊರಗಿನ ಕೇರಿಯ ಸೂಲಗಿತ್ತಿ. ನನ್ನ ಸ್ಯಾಂಪಲ್ಲಿನಲ್ಲಿ ಅವಳ ಮನೆ ಬಂದಿರಲೇ ಇಲ್ಲ.

“ಏನ ಹುಡುಕಾಕತ್ತೀರಿ ಸಾಹೇಬ್ರ?”

ಹುಟ್ಟಿದ ಕೂಸುಗಳ ಲೆಕ್ಕ ಎಂದೆ.

“ಹಂಗಾರ ಗಂಡಸರನ್ನ ಯಾಕ ಕೇಳ್ತೀರಿ? ಹೆರಿಗಿ ಆಗೂ ಹೊತ್ತಿನಾಗ ಅವ್ರೇನ ಒಳಗಿದ್ರೇನು?”

ಅಷ್ಟು ಓದಿದ್ದೆನಲ್ಲ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಸೆಗಣಿ ಸಾರಿಸಿದ ನೆಲದ ಮೇಲೆ ಎರಡು ಗಡಿಗೆ ತಂದಿಟ್ಟಳು, ಎರಡರ ತುಂಬ ಹುಣಸೆಬೀಜ. ಒಂದು ಹೆರಿಗೆಗೆ ಒಂದು ಬೀಜ. ಕೂಸು ಹೋಯಿತೆಂದರೆ ಆ ಬೀಜದ ಒಂದು ಮಗ್ಗಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿರುತ್ತಿದ್ದಳು, ಚೌಕಾಬಾರದ ಆಟಕ್ಕೆ ತಿಕ್ಕುತ್ತಾರಲ್ಲ, ಹಾಗೆ. ಮೊದಲ ಗಡಿಗೆಯ ಬೀಜಗಳನ್ನು ನೆಲಕ್ಕೆ ಸುರುವಿ ಒಂದೊಂದಾಗಿ ಹೊಂದಿಸತೊಡಗಿದಳು. ಇದು ಊರ ಅಗಸಿಬಾಗಿಲು, ಇದು ಬಸವಣ್ಣನ ಗುಡಿ ಓಣಿ, ಇದು ಕುಂಬಾರ ಓಣಿ. ಮನೆಗಿಷ್ಟು ಬೀಜ. ಮಧ್ಯಾಹ್ನದ ಹೊತ್ತಿಗೆ ಇಡೀ ಊರು ನನ್ನ ಕಾಲ ಬುಡದಲ್ಲಿತ್ತು. ಹೆಣ್ಣೋ ಗಂಡೋ ಎಂಬುದು ಬೀಜದ ಮೇಲಿರಲಿಲ್ಲ, ಅವಳ ಬಾಯಲ್ಲಿತ್ತು. ಬೆರಳಿಟ್ಟಲ್ಲೆಲ್ಲ ಹೇಳುತ್ತ ಹೋದಳು. ಮುಂಬಾಗಿಲಿಂದ ಅವಳನ್ನು ಬಿಟ್ಟುಕೊಳ್ಳದ ಮನೆಗಳ ಒಳಗನ್ನೆಲ್ಲ ಹಿತ್ತಲ ಬಾಗಿಲಿಂದ ಹೋಗಿ ನೋಡಿದವಳು — ಕಟ್ಟೆಯ ಮೇಲೆ ಕೂತು ನನಗೆ ಚಹಾ ಕೊಟ್ಟವರು ಎಂದೂ ಬಾಯಿಬಿಡದ ಕೂಸುಗಳು ಅಲ್ಲಿ ಬೆಳ್ಳಗೆ ಮಲಗಿದ್ದವು.  

ಎರಡನೆಯ ಗಡಿಗೆಗೆ ಕೈಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಅದು ಬ್ಯಾರೆ ತಮ್ಮಾ. ಇದು ನಾ ನೋಡಿದ್ದು. ಅದು ನಾ ಕೇಳಿದ್ದು.”

ಚೊಚ್ಚಲ ಹೆರಿಗೆಗೆ ಸೊಸೆಯಂದಿರು ತವರಿಗೆ ಹೋಗುತ್ತಾರಲ್ಲ — ಒಬ್ಬಳು ಸವಣೂರಿಗೆ, ಒಬ್ಬಳು ಹಾನಗಲ್ಲಿಗೆ. ಆ ಕೂಸುಗಳ ಸುದ್ದಿ ಮಾತ್ರ ಊರಿಗೆ ಬರುತ್ತಿತ್ತು. ಸುದ್ದಿಯ ಬೀಜಗಳೆಲ್ಲ ಆ ಗಡಿಗೆಗೆ. ಎರಡನ್ನೂ ಕೂಡಿಸಿದರೆ ಲೆಕ್ಕ ಪೂರ್ತಿಯಾಗುತ್ತದಲ್ಲ ಎಂದೆ. ಅವಳು ನಕ್ಕಳು.

“ಗಂಡು ಹುಟ್ಟಿದ್ರ ಸಕ್ಕರಿ ಸಂಗಾಟ ಸುದ್ದಿ ಬರ್ತೈತಿ. ಸತ್ತ ಹೆಣ್ಣಿನ ಸುದ್ದಿ ಬಸ್ಸು ಹತ್ತೂದಿಲ್ಲ ತಮ್ಮಾ. ಬೀಜ ಎಲ್ಲಾ ಒಂದ ನಮೂನಿ. ಒಮ್ಮೆ ಕೂಡಿದ್ವಂದ್ರ ಬಿಡಸಾಕ ಬರೂದಿಲ್ಲ. ನನ್ನ ಹೆಸರು ಬರೀರಿ, ಬಿಡ್ರಿ. ಕೇಳಿದ್ದನ್ನ ಮಾತ್ರ ನೋಡಿದ್ದು ಅಂತ ಬರೀಬ್ಯಾಡ್ರಿ.”

ಸರೋಜಾ, ನಾನು ಓದಿದ ಯಾವ ಪುಸ್ತಕವೂ ಇದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ. ಅಕ್ಷರ ಬಾರದ ಹೆಂಗಸು ತನಗೆ ತಿಳಿದದ್ದರ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿದುಕೊಂಡಿದ್ದಳು, ಅಂಚಿನಾಚೆಯದನ್ನು ಬೇರೆ ಗಡಿಗೆಯಲ್ಲಿ ಇಟ್ಟಿದ್ದಳು. ಅಂದಿನಿಂದ ಹನ್ನೊಂದು ದಿನ ಅವಳ ಹೊಸ್ತಿಲಲ್ಲಿ ಕೂತು ನೋಟ್‌ಬುಕ್ಕಿನ ಎಡಪುಟದಲ್ಲಿ ನೋಡಿದ್ದು, ಬಲಪುಟದಲ್ಲಿ ಕೇಳಿದ್ದು ಎಂದು ಬರೆದುಕೊಂಡೆ.

ಆಮೇಲೆ ಕೂಡಿಸಿದೆ.

'ತಿಳಿಯದು' ಎಂಬ ಕಾಲಂ ದೊಡ್ಡದಾದರೆ ಪರೀಕ್ಷಕರು ಹುಬ್ಬು ಗಂಟಿಕ್ಕುತ್ತಾರೆ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದು ನಿಜ. ಆದರೆ ಅವರು ಹೇಳಿದ್ದು ಅಷ್ಟೇ. ಎರಡು ಪುಟ ಒಂದು ಮಾಡಿದ್ದು ನನ್ನ ಕೈ. ಕೋಷ್ಟಕ ನುಣ್ಣಗೆ ಬಂತು, ಹೋದ ಹೆಣ್ಣುಕೂಸುಗಳ ಪಾಲು ಅದರಲ್ಲಿ ಇಳಿದುಹೋಯಿತು. ವಿಧಾನದ ಅಧ್ಯಾಯದಲ್ಲಿ 'ಮನೆಮನೆಗೆ ತೆರಳಿ ಸಂದರ್ಶನದ ಮೂಲಕ' ಎಂದು ಬರೆದೆ. ಫಕ್ಕೀರವ್ವನ ಹೆಸರಿರಲಿ, ಸೂಲಗಿತ್ತಿ ಎಂಬ ಪದ ಕೂಡ ಇಡೀ ಪ್ರಬಂಧದಲ್ಲಿಲ್ಲ.

ಪದವಿ ಬಂತು, ನೌಕರಿ ಬಂತು. ಆ ಅಧ್ಯಾಯವನ್ನೇ ಮಾದರಿಯೆಂದು ಸೈಕ್ಲೋಸ್ಟೈಲ್ ಮಾಡಿಸಿ ನಿಮಗೆಲ್ಲ ಹಂಚಿದೆ. 'ನೋಡಿದ್ದನ್ನೂ ಕೇಳಿದ್ದನ್ನೂ ಬೇರೆ ಇಡಿ' ಎಂದು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತಿದ್ದೆನಲ್ಲ — ಎಷ್ಟು ಚೆಂದ ಹೇಳ್ತಾರ ನಮ್ಮ ಸರು ಎಂದು ನೀವು ಬರೆದುಕೊಳ್ಳುತ್ತಿದ್ದಿರಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಮೇಲೆ ನೀನು ನನ್ನ ಪ್ರಬಂಧದ ಮೇಲಿನ ಗೌರವದಿಂದ, ನನ್ನನ್ನು ಕೇಳದೇ, ನಿನ್ನ ಪಿಎಚ್.ಡಿ. ಕೆಲಸಕ್ಕೆ ಅದೇ ಊರಿಗೆ ಹೋದೆ. ನಾನು ಮಾಡಲಾರದ ಹುಡುಕಾಟ ನೀನು ಮಾಡಿದೆ. ಎಲ್ಲಕ್ಕಿಂತ ಮೊದಲು ನೀನು ಹೋದದ್ದು ಫಕ್ಕೀರವ್ವನ ಕೇರಿಗೆ. ತಿರುಗಿ ಬಂದ ದಿನ ಬಸ್ಸಿನ ಧೂಳಿನಲ್ಲೇ ನನ್ನ ಕೋಣೆಗೆ ಬಂದು ನಿಂತೆ.

“ಸರ, ಆ ಮುದುಕಿ ಲೆಕ್ಕದಾಗ ಹೋದ ಹೆಣ್ಣುಕೂಸು ಭಾಳ ಅದಾವ್ರಿ. ನಿಮ್ಮ ಟೇಬಲ್ಲಿಗೆ ತಾಳೀನ ಬೀಳವಲ್ದು. ಯಾರದು ತಪ್ಪರಿ?”

ಆಗ ಹೇಳಬಹುದಿತ್ತು. ಮೇಜಿನ ಕೆಳಗಿನ ಖಾನೆಯಲ್ಲೇ ಆ ನೋಟ್‌ಬುಕ್ ಇತ್ತು — ಕೈ ಚಾಚಿದರೆ ಸಾಕಿತ್ತು.

“ವಯಸ್ಸಾಗೇತಿ ಆಕಿಗೆ,” ಎಂದೆ. “ನೆನಪು ಕೆಟ್ಟೈತಿ.”

 ನೀನು ನನ್ನೆದುರೇ ಪೆನ್ನು ತೆಗೆದು, ಅವಳ ಲೆಕ್ಕ ಬರೆದುಕೊಂಡಿದ್ದ ಪುಟಗಳ ಮೇಲೆ ಗೆರೆ ಎಳೆದೆ. ಅನಕ್ಷರಸ್ಥರ ನೆನಪನ್ನು ಆಧಾರವಾಗಿ ಬಳಸುವಾಗ ಎಚ್ಚರ ಬೇಕು ಎಂಬ ಒಂದು ಅಡಿಟಿಪ್ಪಣಿ ನಿನ್ನ ಪ್ರಬಂಧದಲ್ಲಿ ಬಂತು. ಆ ಪ್ರಬಂಧಕ್ಕೆ ಮಾರ್ಗದರ್ಶಕನೆಂದು ಸಹಿ ಹಾಕಿದವನು ನಾನು. ಈಗ ಅದನ್ನು ನಿನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿರಬೇಕು ನೀನು.

ನಿನಗೆ ನೌಕರಿ ಸಿಕ್ಕ ಸುದ್ದಿ ಕೇಳಿದ ವಾರ ನಾನು ಬಸ್ಸು ಹತ್ತಿ ಆ ಊರಿಗೆ ಹೋದೆ. ತಡವಾಗಿತ್ತು. ಫಕ್ಕೀರವ್ವ ಹೋಗಿ ಆರು ತಿಂಗಳಾಗಿತ್ತು. ಸೊಸೆ ಚಾಪೆ ಹಾಸಿ, “ಕುಂದರ್ರಿ” ಎಂದಳು. ಗೂಡಿನಲ್ಲಿ ಎರಡೂ ಗಡಿಗೆ ಇದ್ದವು, ಬಾಯಿಗೆ ಬೇರೆ ಬೇರೆ ಬಣ್ಣದ ಅರಿವೆ ಕಟ್ಟಿದ್ದವು. ನಾನು ಯಾರೆಂದು ಹೇಳಿದೆ.

“ನೀವಾ ಅವ್ರು? ನಮ್ಮತ್ತಿ ನಿಮ್ಮನ್ನ ಭಾಳ ನೆನಸ್ತಿದ್ಲ್ರಿ. ಮಂದಿ ಕೇಳ್ತಿದ್ರು: ಯಬೇ, ನೀ ಹೇಳಿದ್ದನ್ನ ಆ ಮಾಸ್ತರು ಹೇಳಿದಂಗ ಬರದಾರೇನು ಅಂತ.”

“ಏನಂತಿದ್ಲು?”

“'ಬರದೇನಿ ಅಂತ ಅವ್ರ ಹೇಳಿದ್ರು. ನನಗೇನ ಓದಾಕ ಬರತೈತೇನು? ಅದು ಕೇಳಿದ್ದರಾಗ ಇರ್ಲಿ' ಅಂತಿದ್ಲ್ರಿ.”

 ನನ್ನ ಮೇಲಿನ ನಂಬಿಕೆಯನ್ನೂ ಅವಳು ಸರಿಯಾದ ಗಡಿಗೆಯಲ್ಲೇ ಇಟ್ಟಿದ್ದಳು.

ಕ್ಷಮೆ ಕೇಳುವುದಕ್ಕೆ ಅವಳಿಲ್ಲ. ನಿನ್ನಿಂದ ಕೇಳುವ ಯೋಗ್ಯತೆ ನನಗಿಲ್ಲ. ನನ್ನ ಪ್ರಬಂಧದ ಕೋಷ್ಟಕ ತಪ್ಪು, ಅದು ಹೇಗೆ ತಪ್ಪಾಯಿತು ಎಂದು ವಿಶ್ವವಿದ್ಯಾಲಯಕ್ಕೆ ಬರೆದು, ಸಹಿ ಹಾಕಿ, ಇವತ್ತೇ ರಜಿಸ್ಟರ್ ಅಂಚೆಗೆ ಹಾಕಿದ್ದೇನೆ. ಈ ಕಾಗದದ ಜೊತೆ ಆ ನೋಟ್‌ಬುಕ್ ಇದೆ. ನಾನು ಇಲ್ಲಿ ಬರೆದದ್ದನ್ನು ಹಾಗೇ ನಂಬಬೇಡ ಸರೋಜಾ, ಇದೂ ನೀನು ಕೇಳಿದ್ದು ಅಷ್ಟೇ. ಎಡಪುಟ ತೆರೆ. ಒಂದೊಂದೇ ಮನೆ ಎಣಿಸು. ನೀನೇ ನೋಡು.